ಒಪಿಯಾಯ್ಡ್ ಚಟಕ್ಕೆ ಔಷಧ: ಮೊದಲ ಮಾತ್ರೆಯಿಂದ ಓವರ್‌ಡೋಸ್‌ನ ಇಂಜೆಕ್ಷನ್‌ವರೆಗೆ

ಬ್ರೌನ್ ಶುಗರ್ (ಕಚ್ಚಾ ಹೆರಾಯಿನ್), ಅಫೀಮು, ಟ್ರಮಡಾಲ್ ಮತ್ತು ಟಪೆಂಟಡಾಲ್ ಮಾತ್ರೆ, ಕೊಡೀನ್ ಬೆರೆತ ಕೆಮ್ಮಿನ ಸಿರಪ್. ಹೆಸರು, ಬೆಲೆ, ಸಿಗುವ ಜಾಗ ಬೇರೆ ಬೇರೆಯಾದರೂ ಇವೆಲ್ಲ ಒಪಿಯಾಯ್ಡ್ ಗುಂಪಿಗೆ ಸೇರಿದವು. ಮೆದುಳಿನಲ್ಲಿ ಹೋಗಿ ಕೂರುವ ಜಾಗವೂ ಒಂದೇ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ವರದಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇವುಗಳನ್ನು ಬಳಸುವವರು ಸುಮಾರು 2.1%. ಈ ಚಟಕ್ಕೆ ಒಳ್ಳೆಯ ಔಷಧಗಳಿವೆ. ಆದರೂ ನಮ್ಮಲ್ಲಿ ಹೆಚ್ಚಿನ ಮನೆಯವರಿಗೆ ಗೊತ್ತಿರುವ ಚಿಕಿತ್ಸೆ ಒಂದೇ: ಹದಿನೈದು ದಿನವೋ ಮೂರು ತಿಂಗಳೋ ಎಲ್ಲಾದರೂ ಸೇರಿಸಿ 'ಕ್ಲೀನ್' ಮಾಡಿಸಿಕೊಂಡು ಬರುವುದು.

ಅತಿ ಹೆಚ್ಚು ಅಪಾಯ ಇರುವುದು ಅಲ್ಲಿಂದ ಮನೆಗೆ ಬಂದ ಮೊದಲ ಕೆಲವು ವಾರಗಳಲ್ಲೇ. ಕೆಲವು ದಿನ ಬಿಟ್ಟಿದ್ದರೂ ಸಾಕು, ಮೊದಲಿದ್ದ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿಯನ್ನು ದೇಹ ಕಳೆದುಕೊಂಡಿರುತ್ತದೆ. ಆಸೆ ಮಾತ್ರ ಹೋಗಿರುವುದಿಲ್ಲ. ಹಳೆಯ ಪ್ರಮಾಣವನ್ನೇ ಒಮ್ಮೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ ಬಿಡುಗಡೆಯಾದವರಿಗೂ, ಬೇರೆ ಕಾಯಿಲೆಗೆಂದು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದವರಿಗೂ ಇದೇ ಅಪಾಯ. ಆದ್ದರಿಂದ ಮುಂದೆ ಹೇಳುವ ಔಷಧಗಳನ್ನು ವಿತ್‌ಡ್ರಾವಲ್ (ಬಿಟ್ಟಾಗ ಬರುವ ಸಂಕಟ) ಕಳೆಯುವಷ್ಟು ದಿನಕ್ಕೆ ಮಾತ್ರ ಕೊಟ್ಟು ನಿಲ್ಲಿಸಿದರೆ ಪ್ರಯೋಜನ ಕಡಿಮೆ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಮುಂದುವರಿಸಿದಾಗ ಅವು ಜೀವ ಉಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವುಗಳಲ್ಲಿ ಮೆಥಡೋನ್ ಮತ್ತು ಬ್ಯೂಪ್ರನಾರ್ಫಿನ್ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಇಲ್ಲಿ ಹೇಳುವುದು ಒಪಿಯಾಯ್ಡ್ ಚಟದ ಬಗ್ಗೆ ಮಾತ್ರ. ಗಾಂಜಾ, ಎಂಡಿಎಂಎ, ನಿದ್ರೆ ಮಾತ್ರೆಯ ಚಟಕ್ಕೆ ಈ ಔಷಧಗಳು ಕೆಲಸ ಮಾಡುವುದಿಲ್ಲ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ವೈದ್ಯರು ಏನು ಮಾಡುತ್ತಿದ್ದಾರೆ, ಏಕೆ ಮಾಡುತ್ತಿದ್ದಾರೆ ಎಂಬುದು ನಿಮಗೆ ಅರ್ಥವಾಗಲಿ ಎಂದು. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಶುರು ಮಾಡಬಾರದು.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೊದಲು ಫೋನ್. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಟೆಲಿ-ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬಹುದು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮತ್ತು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರೂ ನೋಡುತ್ತಾರೆ. ಸೂಜಿ ಚುಚ್ಚಿಕೊಳ್ಳುವವರಿಗಾಗಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಈ ಔಷಧಗಳನ್ನು ಕೊಡುವ ಒಎಸ್‌ಟಿ ಕೇಂದ್ರಗಳನ್ನು ನಡೆಸುತ್ತದೆ. ಹತ್ತಿರದ್ದು ಎಲ್ಲಿದೆ ಎಂದು ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ? ಬ್ಯೂಪ್ರನಾರ್ಫಿನ್ ಕೊಡುತ್ತೀರಾ, ಬಿಡುಗಡೆಯಾದ ಮೇಲೂ ಅದು ಮುಂದುವರಿಯುವ ವ್ಯವಸ್ಥೆ ಇದೆಯೇ? ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ? 2017ರ ಆ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. 'ನಮ್ಮಲ್ಲಿ ಔಷಧ ಕೊಡಲ್ಲ, ಶಿಸ್ತಿನಲ್ಲೇ ಬಿಡಿಸ್ತೀವಿ' ಎನ್ನುವ ಕಡೆ ಒಪಿಯಾಯ್ಡ್ ಚಟದವರನ್ನು ಸೇರಿಸಬೇಡಿ.

ಪೊಲೀಸ್ ಭಯದಿಂದ ಅನೇಕರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇವರಿಗಾಗಿಯೇ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.

ವೈದ್ಯರ ಮುಂದೆ ಪ್ರಮಾಣ ಮುಚ್ಚಿಡಬೇಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂನದು, ದಿನಕ್ಕೆ ಎಷ್ಟು, ನುಂಗುವುದೋ ಚುಚ್ಚಿಕೊಳ್ಳುವುದೋ, ಕೊನೆಯ ಸಲ ತೆಗೆದುಕೊಂಡದ್ದು ಎಷ್ಟು ಗಂಟೆಗೆ, ಎಲ್ಲವನ್ನೂ ಬರೆದುಕೊಂಡು ಹೋಗಿ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ ಒಯ್ಯಿರಿ. ಪ್ಯಾರಾಸಿಟಮಾಲ್ ಬೆರೆತ ಮಾತ್ರೆಯಾಗಿದ್ದರೆ ಯಕೃತ್ತಿಗೆ ಪೆಟ್ಟಾಗಿರುವ ಸಾಧ್ಯತೆ ಇದೆ. ಟ್ರಮಡಾಲ್ ಹೆಚ್ಚಾಗಿ ನುಂಗುವವರಿಗೆ ಫಿಟ್ಸ್ ಬರಬಹುದು. ಜೊತೆಗೆ ಮದ್ಯ, ಆಲ್ಪ್ರಜೋಲಾಮ್, ನೈಟ್ರಜೆಪಾಮ್‌ನಂಥ ನಿದ್ರೆ ಮಾತ್ರೆ ಇದ್ದರೆ ಅದನ್ನಂತೂ ಹೇಳಲೇಬೇಕು. ಮನೆಯವರು ಮೆಡಿಕಲ್ ಸ್ಟೋರ್‌ನಿಂದ ಮೂತ್ರ ಪರೀಕ್ಷೆಯ ಸ್ಟ್ರಿಪ್ ತಂದು 'ನೆಗೆಟಿವ್ ಬಂತು' ಎಂದು ನೆಮ್ಮದಿಪಡುವುದುಂಟು. ಮಾಮೂಲಿ ಒಪಿಯೇಟ್ ಸ್ಟ್ರಿಪ್‌ನಲ್ಲಿ ಟ್ರಮಡಾಲ್, ಟಪೆಂಟಡಾಲ್ ಕಾಣುವುದೇ ಇಲ್ಲ.

ಚುಚ್ಚಿಕೊಂಡ ಚರಿತ್ರೆ ಇದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಅದೇ ದಿನ ಮಾಡಿಸಿ. ಹೆಪಟೈಟಿಸ್ ಸಿ ಈಗ ಮಾತ್ರೆಯಿಂದಲೇ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಚಿಕಿತ್ಸೆ ಉಚಿತ.

ಬ್ಯೂಪ್ರನಾರ್ಫಿನ್: ಮೊದಲ ದಿನವೇ ಮುಖ್ಯ

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಇದೂ ಮೆದುಳಿನಲ್ಲಿ ಒಪಿಯಾಯ್ಡ್ ಕೂರುವ ಜಾಗದ, ಅಂದರೆ ಗ್ರಾಹಕದ ಮೇಲೇ ಕೂರುತ್ತದೆ. ಆದರೆ ಅರ್ಧದಷ್ಟೇ ಕೆಲಸ ಮಾಡುತ್ತದೆ. ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಉಸಿರಾಟವನ್ನು ಅಷ್ಟಾಗಿ ತಗ್ಗಿಸದು. ಆ ಸುರಕ್ಷತೆಯೇ ಇದರ ದೊಡ್ಡ ಗುಣ. ಮದ್ಯವೋ ನಿದ್ರೆ ಮಾತ್ರೆಯೋ ಸೇರಿದರೆ ಆ ಸುರಕ್ಷತೆ ಹೋಗುತ್ತದೆ.

ಇದರ ಹಿಡಿತ ಬಹಳ ಬಿಗಿ. ಹೆರಾಯಿನ್ ಇನ್ನೂ ಗ್ರಾಹಕದಲ್ಲಿ ಕೂತಿರುವಾಗಲೇ ಬ್ಯೂಪ್ರನಾರ್ಫಿನ್ ಕೊಟ್ಟರೆ ಅದನ್ನು ಕಿತ್ತೆಸೆದು ತಾನು ಕೂರುತ್ತದೆ. ಪೂರ್ತಿ ಬಲ ಇದ್ದ ಕಡೆ ಏಕಾಏಕಿ ಅರ್ಧ ಬಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ವಾಂತಿ, ಭೇದಿ, ಬೆವರು, ಮೈಯೆಲ್ಲ ಸಂಕಟ. ಒಮ್ಮೆ ಹೀಗಾದವರು 'ಆ ಮಾತ್ರೆ ನನಗೆ ಆಗಿಬರಲ್ಲ' ಎಂದು ಚಿಕಿತ್ಸೆಗೇ ಬೆನ್ನು ಹಾಕುತ್ತಾರೆ. ತಪ್ಪು ಮಾತ್ರೆಯದಲ್ಲ, ಕೊಟ್ಟ ಹೊತ್ತಿನದು.

ಅದಕ್ಕೇ ಕಾಯಬೇಕು. ಹೆರಾಯಿನ್, ಮಾಮೂಲಿ ಟ್ರಮಡಾಲ್‌ನಂಥವಾದರೆ ಕೊನೆಯ ಸೇವನೆಯಿಂದ ಕನಿಷ್ಠ 12 ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ 24 ಗಂಟೆ. ಮೆಥಡೋನ್ ಆದರೆ ಇನ್ನೂ ಹೆಚ್ಚು, 72 ಗಂಟೆಯವರೆಗೂ ಆಗಬಹುದು. ಗಡಿಯಾರಕ್ಕಿಂತ ಮೈಯನ್ನು ನೋಡುವುದು ಒಳ್ಳೆಯದು: ಮೇಲಿಂದ ಮೇಲೆ ಆಕಳಿಕೆ, ಮೂಗು ಸೋರುವುದು, ಕಣ್ಣಲ್ಲಿ ನೀರು, ತೋಳಿನ ಮೇಲೆ ಮುಳ್ಳು ಎದ್ದಂತೆ ರೋಮಾಂಚ, ಹಿಗ್ಗಿದ ಪಾಪೆ, ಕೂತಲ್ಲಿ ಕೂರಲಾಗದ ಚಡಪಡಿಕೆ. ವೈದ್ಯರು ಇದನ್ನೇ ಕೌಸ್ ಎಂಬ ಅಳತೆಯಲ್ಲಿ ಅಂಕ ಹಾಕಿ ನೋಡುತ್ತಾರೆ. 8ರಿಂದ 12 ದಾಟಿದ ಮೇಲೆ ಶುರು. ಬೆಳಗ್ಗೆ ಆಸ್ಪತ್ರೆಗೆ ಹೋಗುವುದಿದ್ದರೆ ಹಿಂದಿನ ರಾತ್ರಿಯಿಂದ ಏನೂ ತೆಗೆದುಕೊಳ್ಳದೆ ಇರುವುದು ಸುಲಭದ ದಾರಿ. ಆ ರಾತ್ರಿ ಮನೆಯವರು ಒಬ್ಬರು ಜೊತೆಗೆ ಇರಿ. ಬೈಗುಳ ಆಮೇಲಿರಲಿ.

ಮೊದಲ ಮಾತ್ರೆ ಸಾಮಾನ್ಯವಾಗಿ 2 ಮಿಲಿಗ್ರಾಂ, ಕೆಲವರಿಗೆ 4. ಒಂದೆರಡು ಗಂಟೆ ಅಲ್ಲೇ ಕೂರಿಸಿಕೊಂಡು ನೋಡಿ, ಸಂಕಟ ಉಳಿದಿದ್ದರೆ ಇನ್ನೊಂದು. ಮೊದಲ ದಿನಕ್ಕೆ ಒಟ್ಟು 8 ಮಿಲಿಗ್ರಾಂವರೆಗೆ ಹೋಗುವುದು ರೂಢಿ. ಎರಡು ಮೂರು ದಿನಗಳಲ್ಲಿ ಏರಿಸುತ್ತ ಹೆಚ್ಚಿನವರು ದಿನಕ್ಕೆ 8ರಿಂದ 16 ಮಿಲಿಗ್ರಾಂನಲ್ಲಿ ನಿಲ್ಲುತ್ತಾರೆ. ಕೆಲವರಿಗೆ 24 ಬೇಕಾಗುತ್ತದೆ. ಮನೆಯವರಿಗೆ ಈ ಅಂಕಿ ದೊಡ್ಡದಾಗಿ ಕಂಡು 'ಸ್ವಲ್ಪ ಕಡಿಮೆ ಮಾಡಿ ಡಾಕ್ಟ್ರೇ' ಎನ್ನುತ್ತಾರೆ. ಪ್ರಮಾಣ ಸಾಲದಿದ್ದರೆ ಸಂಜೆಯಾಗುತ್ತಲೇ ಮೈ ಎಳೆಯತೊಡಗುತ್ತದೆ, ಮನಸ್ಸು ಹಳೆಯ ಜಾಗಕ್ಕೆ ಹೋಗುತ್ತದೆ. ಮರಳಿ ಚಟಕ್ಕೆ ಬೀಳುವುದಕ್ಕೆ ಕಡಿಮೆ ಪ್ರಮಾಣವೇ ದೊಡ್ಡ ಕಾರಣ.

ಮಾತ್ರೆ ಇಡುವ ಕ್ರಮಕ್ಕೆ ಗಮನ ಕೊಡಿ. ಮೊದಲು ಒಂದು ಗುಟುಕು ನೀರಿನಿಂದ ಬಾಯಿ ಒದ್ದೆ ಮಾಡಿಕೊಳ್ಳಿ. ಮಾತ್ರೆ ನಾಲಿಗೆಯ ಕೆಳಗೆ ಇರಬೇಕು. ಒಂದಕ್ಕಿಂತ ಹೆಚ್ಚಿದ್ದರೆ ಅಕ್ಕಪಕ್ಕ ಇಡಿ, ಒಂದರ ಮೇಲೊಂದು ಬೇಡ. ಪೂರ್ತಿ ಕರಗಲು 5ರಿಂದ 10 ನಿಮಿಷ. ಅಷ್ಟು ಹೊತ್ತು ಮಾತು, ಕಾಫಿ, ಗುಟ್ಕಾ, ಸಿಗರೇಟು ಯಾವುದೂ ಬೇಡ. ನುಂಗಿಬಿಟ್ಟರೆ ಹೊಟ್ಟೆ ಮತ್ತು ಯಕೃತ್ತು ಸೇರಿ ಹೆಚ್ಚಿನ ಪಾಲನ್ನು ಕೆಡಿಸುತ್ತವೆ, ಹಣವೂ ದಂಡ ಔಷಧವೂ ದಂಡ. ಕರಗಿದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿ ನುಂಗಿ. ಹಲ್ಲುಜ್ಜುವುದು ಒಂದು ಗಂಟೆ ಬಿಟ್ಟು. ಈ ಮಾತ್ರೆಯಿಂದ ಹಲ್ಲು ಹುಳುಕಾಗುವ ಬಗ್ಗೆ ಅಮೆರಿಕದ ಎಫ್‌ಡಿಎ 2022ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿತು.

ಮನೆಗೆ ಕೊಟ್ಟು ಕಳಿಸುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಒಪಿಯಾಯ್ಡ್‌ನ ಪರಿಣಾಮ ತಡೆಯುವ ನಾಲೋಕ್ಸೋನ್ ಬೆರೆತಿರುತ್ತದೆ, 2 ಮಿಲಿಗ್ರಾಂಗೆ 0.5ರಂತೆ. ನಾಲಿಗೆಯ ಕೆಳಗೆ ಇಟ್ಟರೆ ನಾಲೋಕ್ಸೋನ್ ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ, ತೊಂದರೆಯಿಲ್ಲ. ಪುಡಿಮಾಡಿ ಚುಚ್ಚಿಕೊಂಡರೆ ಅದು ಕೆಲಸ ಶುರುಮಾಡಿ ಒಪಿಯಾಯ್ಡ್ ಮೈಯಲ್ಲಿರುವವರಿಗೆ ವಿತ್‌ಡ್ರಾವಲ್ ತರುತ್ತದೆ. ದುರ್ಬಳಕೆ ತಡೆಯಲೆಂದೇ ಹೀಗೆ ಬೆರೆಸಿರುವುದು.

ಮಲಬದ್ಧತೆ, ತಲೆನೋವು, ಬೆವರು ಮೊದಲ ವಾರಗಳಲ್ಲಿ ಸಾಮಾನ್ಯ. ತಲೆನೋವು ತಾನಾಗಿ ಇಳಿಯುತ್ತದೆ. ಮಲಬದ್ಧತೆಗೆ ನೀರು, ಸೊಪ್ಪು, ಸಾಲದಿದ್ದರೆ ವೈದ್ಯರಿಂದ ಔಷಧ. ಒಂದು ದಿನ ಮಾತ್ರೆ ತಪ್ಪಿದರೆ ಮರುದಿನ ಎರಡು ದಿನದ್ದು ಒಟ್ಟಿಗೆ ಬೇಡ, ಮಾಮೂಲಿ ಪ್ರಮಾಣ ಸಾಕು. ಐದಾರು ದಿನ ತಪ್ಪಿದ್ದರೆ, ಅದರಲ್ಲೂ ನಡುವೆ ಬೇರೆ ಏನಾದರೂ ತೆಗೆದುಕೊಂಡಿದ್ದರೆ, ಮತ್ತೆ ಮೊದಲ ದಿನದಂತೆ ವೈದ್ಯರ ಮುಂದೆಯೇ ಶುರುಮಾಡಬೇಕು. ಮಾತ್ರೆಯನ್ನು ಬೀಗ ಹಾಕಿದ ಡಬ್ಬಿಯಲ್ಲಿಡಿ. ದೊಡ್ಡವರಿಗೆ ಔಷಧವಾದ ಒಂದೇ ಮಾತ್ರೆ ಎರಡು ವರ್ಷದ ಮಗುವಿನ ಉಸಿರು ನಿಲ್ಲಿಸಬಲ್ಲದು.

ಮೆಥಡೋನ್

ಇದು ಸಿರಪ್. ಕೆಲವೇ ಸರ್ಕಾರಿ ಕೇಂದ್ರಗಳಲ್ಲಿ, ಸಿಬ್ಬಂದಿಯ ಕಣ್ಣೆದುರೇ ಕುಡಿಸುತ್ತಾರೆ. ಬ್ಯೂಪ್ರನಾರ್ಫಿನ್ ಸಾಲದವರಿಗೆ, ಬಹಳ ವರ್ಷ ಹೆರಾಯಿನ್ ಚುಚ್ಚಿಕೊಂಡವರಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ಇದು ಪೂರ್ತಿ ಬಲದ ಒಪಿಯಾಯ್ಡ್, ಆದ್ದರಿಂದ ಶುರುವಿಗೆ ವಿತ್‌ಡ್ರಾವಲ್‌ಗಾಗಿ ಕಾದು ಒದ್ದಾಡಬೇಕಿಲ್ಲ. ಅಪಾಯ ಬೇರೆ ಕಡೆ ಇದೆ: ಇಂದು ಕುಡಿದದ್ದರ ಒಂದು ಭಾಗ ನಾಳೆಗೂ ಮೈಯಲ್ಲಿ ಉಳಿದು ದಿನದಿಂದ ದಿನಕ್ಕೆ ಶೇಖರವಾಗುತ್ತದೆ. ಮೊದಲ ದಿನ ಸರಿಹೋದ ಪ್ರಮಾಣವೇ ನಾಲ್ಕನೇ ದಿನ ಹೆಚ್ಚಾಗಬಹುದು. ಹಾಗಾಗಿ 20ರಿಂದ 30 ಮಿಲಿಗ್ರಾಂನಲ್ಲಿ ಶುರುಮಾಡಿ, ಮೂರರಿಂದ ಐದು ದಿನಕ್ಕೊಮ್ಮೆ 5ರಿಂದ 10 ಏರಿಸುತ್ತಾರೆ. ನಿಲ್ಲುವ ಪ್ರಮಾಣ ಹೆಚ್ಚಾಗಿ 60ರಿಂದ 120. ಮೊದಲ ಎರಡು ವಾರ ರೋಗಿ ಹಗಲಲ್ಲೇ ತೂಕಡಿಸುತ್ತಿದ್ದರೆ, ರಾತ್ರಿ ಎಂದಿಲ್ಲದ ಗೊರಕೆ ಹೊಡೆಯುತ್ತಿದ್ದರೆ ಅದನ್ನು ನೆಮ್ಮದಿಯ ನಿದ್ರೆ ಎಂದುಕೊಳ್ಳಬೇಡಿ, ಕೂಡಲೇ ಎಬ್ಬಿಸಿ ಕೇಂದ್ರಕ್ಕೆ ಕರೆದೊಯ್ಯಿರಿ. ಹೃದಯದ ಬಡಿತದ ಲಯವನ್ನೂ ಇದು ಕೆಡಿಸಬಹುದು, ಹೃದ್ರೋಗ ಇದ್ದವರಿಗೆ ಇಸಿಜಿ ಬೇಕು. ಮೂರು ದಿನ ಸತತ ತಪ್ಪಿದರೆ ಹಳೆಯ ಪ್ರಮಾಣಕ್ಕೆ ನೇರ ಮರಳುವಂತಿಲ್ಲ.

ಕ್ಷಯಕ್ಕೆ ಔಷಧ ಶುರುವಾಗಿದ್ದರೆ ತಪ್ಪದೆ ತಿಳಿಸಿ. ರಿಫಾಂಪಿಸಿನ್ ಮೆಥಡೋನ್‌ನ ಮಟ್ಟವನ್ನು ರಕ್ತದಲ್ಲಿ ಬಹಳ ಇಳಿಸುತ್ತದೆ, ಬ್ಯೂಪ್ರನಾರ್ಫಿನ್‌ನದನ್ನೂ ಇಳಿಸುತ್ತದೆ. ಚೆನ್ನಾಗಿದ್ದವರಿಗೆ ವಾರದೊಳಗೆ ವಿತ್‌ಡ್ರಾವಲ್ ಮರಳುತ್ತದೆ. ರೋಗಿ ಕ್ಷಯದ ಮಾತ್ರೆಯನ್ನು ದೂರಿ ನಿಲ್ಲಿಸುತ್ತಾನೆ, ಇಲ್ಲವೇ ಬ್ರೌನ್ ಶುಗರ್‌ಗೆ ಮರಳುತ್ತಾನೆ. ವೈದ್ಯರು ಮೆಥಡೋನ್ ಅಥವಾ ಬ್ಯೂಪ್ರನಾರ್ಫಿನ್‌ನ ಪ್ರಮಾಣ ಏರಿಸಿದರೆ ಎರಡೂ ತಪ್ಪುತ್ತವೆ. ಕ್ಷಯದ ಔಷಧ ಮುಗಿದ ಮೇಲೆ ಮತ್ತೆ ಇಳಿಸುವುದನ್ನೂ ಮರೆಯಬಾರದು. ಎಚ್‌ಐವಿಗೆ ಕೊಡುವ ಎಫಾವಿರೆಂಜ್, ನೆವಿರಪಿನ್ ಕೂಡ ಮೆಥಡೋನ್ ಇಳಿಸುತ್ತವೆ.

ನಾಲ್ಟ್ರೆಕ್ಸೋನ್ ಯಾರಿಗೆ

ಇದು ಗ್ರಾಹಕಕ್ಕೆ ಬೀಗ ಹಾಕುವ ಔಷಧ. ಅಮಲೂ ಇಲ್ಲ, ಸಮಾಧಾನವೂ ಇಲ್ಲ. ದಿನಕ್ಕೆ 50 ಮಿಲಿಗ್ರಾಂ. ಶುರುಮಾಡುವ ಮೊದಲು 7ರಿಂದ 10 ದಿನ ಮೈಯಲ್ಲಿ ಯಾವ ಒಪಿಯಾಯ್ಡ್ ಕೂಡ ಇರಬಾರದು. ಇದ್ದರೆ ಬರುವ ವಿತ್‌ಡ್ರಾವಲ್ ತೀವ್ರ ಮತ್ತು ದೀರ್ಘ. ಅದಕ್ಕೇ ಮನೆಯವರು ಕದ್ದುಮುಚ್ಚಿ ಊಟದಲ್ಲಿ ಬೆರೆಸಿ ಕೊಡುವುದು ಅಪಾಯದ ಕೆಲಸ, ಅದನ್ನು ಎಂದೂ ಮಾಡಬೇಡಿ.

ಕೆಲಸ, ಮನೆ, ಬಲವಾದ ಮನಸ್ಸು, ಎದುರು ನಿಂತು ದಿನಾ ಮಾತ್ರೆ ಕೊಡುವ ಒಬ್ಬರು, ಇಷ್ಟು ಇದ್ದವರಿಗೆ ಇದು ಹೊಂದುತ್ತದೆ. ಉಳಿದವರಲ್ಲಿ ಬಹುಪಾಲು ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ದೇಹದ ಸಹಿಷ್ಣುತೆ ತಳಮಟ್ಟದಲ್ಲಿರುತ್ತದೆ. ಹಾಗಾಗಿ ಎಲ್ಲರಿಗೂ ಮೊದಲ ಆಯ್ಕೆಯಾಗಿ ಇದನ್ನು ಬರೆಯುವುದು ಸರಿಯಲ್ಲ. ಶಸ್ತ್ರಚಿಕಿತ್ಸೆ ಇದ್ದರೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ನೋವಿನ ಇಂಜೆಕ್ಷನ್ ಹಿಡಿಯುವುದಿಲ್ಲ. ಬ್ಯೂಪ್ರನಾರ್ಫಿನ್‌ನವರು ಶಸ್ತ್ರಚಿಕಿತ್ಸೆಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿದರೆ ಸಾಕು.

ಗರ್ಭಿಣಿಯರಿಗೆ ನಾಲ್ಟ್ರೆಕ್ಸೋನ್ ಶುರು ಮಾಡುವುದಿಲ್ಲ. ಅವರಿಗೆ ಬ್ಯೂಪ್ರನಾರ್ಫಿನ್ ಅಥವಾ ಮೆಥಡೋನ್ ಮುಂದುವರಿಸಬೇಕು. ಹಠಾತ್ತನೆ ನಿಲ್ಲಿಸಿದರೆ ಗರ್ಭಪಾತ, ಅವಧಿಪೂರ್ವ ಹೆರಿಗೆ ಆಗುವ ಅಪಾಯವಿದೆ. ಹುಟ್ಟಿದ ಮಗುವಿಗೆ ಕೆಲವು ದಿನ ವಿತ್‌ಡ್ರಾವಲ್ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ. ಎದೆಹಾಲು ಕೊಡಬಹುದು.

ಓವರ್‌ಡೋಸ್ ಆದಾಗ

ಗುರುತು ಮೂರು: ಎಬ್ಬಿಸಿದರೆ ಏಳುವುದಿಲ್ಲ, ಉಸಿರು ನಿಮಿಷಕ್ಕೆ ಎಂಟು ಹತ್ತಕ್ಕಿಂತ ಕಡಿಮೆ ಅಥವಾ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಕಪ್ಪು ಮೈಬಣ್ಣದವರಲ್ಲಿ ನೀಲಿ ಎದ್ದು ಕಾಣುವುದಿಲ್ಲ. ತುಟಿಯ ಒಳಭಾಗ, ಉಗುರು ಬೂದಿ ಬಣ್ಣಕ್ಕೆ ತಿರುಗಿದೆಯೇ ನೋಡಿ.

1. ಹೆಸರು ಹಿಡಿದು ಜೋರಾಗಿ ಕೂಗಿ. ಎದೆಮೂಳೆಯ ನಡುವೆ ಮುಷ್ಟಿಯ ಗೆಣ್ಣುಗಳಿಂದ ಒತ್ತಿ ಉಜ್ಜಿ. ಏಳದಿದ್ದರೆ 108ಕ್ಕೆ ಕರೆ ಮಾಡಿ, 'ಉಸಿರಾಡುತ್ತಿಲ್ಲ' ಎಂದೇ ಮೊದಲು ಹೇಳಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಪ್ರಕರಣ) ದಾಖಲಾಗಬಹುದು. ಅದಕ್ಕೆ ಹೆದರಿ ತಡ ಮಾಡಬೇಡಿ, ಇಲ್ಲಿ ನಿಮಿಷಗಳ ಲೆಕ್ಕ.

2. ಅಂಗಾತ ಮಲಗಿಸಿ, ಬಾಯಲ್ಲಿ ಏನಾದರೂ ಇದ್ದರೆ ತೆಗೆದು, ಹಣೆ ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿ. ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು 5-6 ಸೆಕೆಂಡಿಗೊಂದು ಉಸಿರು ಕೊಡಿ. ಪ್ರತಿ ಸಲ ಎದೆ ಏರಬೇಕು. ಏರದಿದ್ದರೆ ತಲೆ ಸರಿಯಾಗಿ ಬಾಗಿಲ್ಲ. ಸಾವು ಬರುವುದು ಉಸಿರಿಲ್ಲದೆ, ಆದ್ದರಿಂದ ನಾಲೋಕ್ಸೋನ್ ಕೈಯಲ್ಲಿಲ್ಲದಿದ್ದರೂ ಇದೊಂದೇ ಜೀವ ಹಿಡಿದಿಡಬಲ್ಲದು. ನಾಡಿಯೂ ಸಿಗದಿದ್ದರೆ ಸಿಪಿಆರ್: 30 ಸಲ ಎದೆ ಒತ್ತಿ ಎರಡು ಉಸಿರು.

3. ನಾಲೋಕ್ಸೋನ್. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 1 ಮಿಲಿಲೀಟರ್‌ಗೆ 0.4 ಮಿಲಿಗ್ರಾಂ ಇರುವ ಗಾಜಿನ ಆಂಪೂಲ್. ಆಂಪೂಲಿನ ಕತ್ತನ್ನು ಬಟ್ಟೆಯಲ್ಲಿ ಹಿಡಿದು ಮುರಿದು, ಪೂರ್ತಿ ಸಿರಿಂಜಿಗೆ ಎಳೆದು, ತೊಡೆಯ ಹೊರಬದಿಯ ಮಾಂಸಖಂಡಕ್ಕೆ ನೇರವಾಗಿ ಚುಚ್ಚಿ. ಪ್ಯಾಂಟಿನ ಮೇಲಿಂದಲೇ ಆದರೂ ಸರಿ. ಉಸಿರು ಕೊಡುವುದನ್ನು ಮುಂದುವರಿಸಿ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು.

4. ಉಸಿರು ಬಂದ ಮೇಲೆ ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ. ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಾರದು.

ಎಚ್ಚರವಾದವರಿಗೆ ವಿತ್‌ಡ್ರಾವಲ್ ಇರುತ್ತದೆ, ಸಿಟ್ಟಿರುತ್ತದೆ, 'ನನಗೇನಾಗಿಲ್ಲ' ಎಂದು ಎದ್ದು ಹೊರಡುತ್ತಾರೆ. ಬಿಡಬೇಡಿ. ನಾಲೋಕ್ಸೋನ್ ಇರುವುದು 30ರಿಂದ 90 ನಿಮಿಷ. ಮೈಯಲ್ಲಿರುವ ಒಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ, ಮತ್ತೆ ಉಸಿರು ಇಳಿಯಬಹುದು. ಮೆಥಡೋನ್ ಆಗಿದ್ದರೆ ಒಂದಿಡೀ ದಿನ ಆಸ್ಪತ್ರೆಯಲ್ಲೇ ಇರಬೇಕು. ಸಂಕಟ ಇಳಿಸಿಕೊಳ್ಳಲು ಮತ್ತೊಂದು ಡೋಸ್ ಹಾಕಿಕೊಂಡರೆ ಎರಡೂ ಸೇರಿ ಕೊಲ್ಲುತ್ತವೆ.

ಈರುಳ್ಳಿ ಮೂಸಿಸುವುದು, ಕೈಗೆ ಕಬ್ಬಿಣ ಕೊಡುವುದು, ಉಪ್ಪುನೀರು ಅಥವಾ ಹಾಲು ಕುಡಿಸುವುದು, ಬಾತ್‌ರೂಮಿನಲ್ಲಿ ತಣ್ಣೀರು ಸುರಿಯುವುದು, ಇವೆಲ್ಲ ಉಸಿರು ಕೊಡಬೇಕಾದ ಸಮಯವನ್ನು ತಿನ್ನುತ್ತವೆ. ಎಚ್ಚರವಿಲ್ಲದವರ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ನಿದ್ರೆ ಮಾತ್ರೆ, ಮದ್ಯಕ್ಕೆ ನಾಲೋಕ್ಸೋನ್ ಪರಿಹಾರವಲ್ಲ. ಆದರೂ ಏನು ತೆಗೆದುಕೊಂಡಿದ್ದಾರೆ ಎಂದು ಗೊತ್ತಿಲ್ಲದಾಗ ಕೊಡಿ, ಒಪಿಯಾಯ್ಡ್ ಇಲ್ಲದ ಮೈಗೆ ಅದರಿಂದ ಹಾನಿಯಿಲ್ಲ.

ಅಮೆರಿಕದಲ್ಲಿ ಮೂಗಿಗೆ ಹೊಡೆಯುವ 4 ಮಿಲಿಗ್ರಾಂ ನಾಲೋಕ್ಸೋನ್ ಸ್ಪ್ರೇಯನ್ನು 2023ರ ಮಾರ್ಚ್‌ನಲ್ಲಿ ಚೀಟಿಯಿಲ್ಲದೆ ಮಾರಲು ಅನುಮತಿ ಸಿಕ್ಕಿತು. ಮಕ್ಕಳು ಅಲ್ಲಿ ಓದುತ್ತಿರುವ ಕನ್ನಡಿಗ ಮನೆಗಳಿಗೆ ಈ ಮಾತು ಮುಟ್ಟಲಿ: ಅಲ್ಲಿ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ಬಹಳ ಪ್ರಬಲ ಒಪಿಯಾಯ್ಡ್ ಬೆರೆತಿರುತ್ತದೆ, ಒಂದು ಸ್ಪ್ರೇ ಕೋಣೆಯಲ್ಲಿರುವುದು ಒಳ್ಳೆಯದು. ನಮ್ಮಲ್ಲಿ ವೈದ್ಯರ ಚೀಟಿ ಬೇಕು. ಚಿಕಿತ್ಸೆ ಶುರುವಾದ ದಿನವೇ ಎರಡು ಆಂಪೂಲ್, ಎರಡು ಸಿರಿಂಜ್ ಬರೆಸಿಕೊಂಡು, ನರ್ಸ್ ಹತ್ತಿರ ಚುಚ್ಚುವುದನ್ನು ಕಲಿತು, ಬೆಳಕು ಬೀಳದ ಡಬ್ಬಿಯಲ್ಲಿ ಮನೆಯಲ್ಲಿಡಿ. ಡಬ್ಬಿ ಎಲ್ಲಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಓವರ್‌ಡೋಸ್ ಆದ ವ್ಯಕ್ತಿಗೆ ತಾನೇ ಚುಚ್ಚಿಕೊಳ್ಳಲಾಗದು.

ಎಷ್ಟು ಕಾಲ, ನಿಲ್ಲಿಸುವುದು ಹೇಗೆ

'ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ ಹಾಗಲ್ಲವೇ' ಎಂದು ಬಂಧುಗಳು ಕೇಳುತ್ತಾರೆ. ಮಾತ್ರೆ ತಪ್ಪಿದರೆ ವಿತ್‌ಡ್ರಾವಲ್ ಬರುವುದು ನಿಜ. ಆದರೆ ಆ ಮಾತ್ರೆ ಮೇಲೆ ಇರುವವರು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ಕದಿಯುವುದಿಲ್ಲ, ಸೂಜಿ ಹಂಚಿಕೊಳ್ಳುವುದಿಲ್ಲ, ಸಾಯುವ ಸಂಭವವೂ ಬಹಳ ಕಡಿಮೆ. ಕನಿಷ್ಠ ಒಂದು ವರ್ಷ ನಿಲ್ಲಿಸುವ ಮಾತೇ ಬೇಡ. ಗರಿಷ್ಠ ಮಿತಿ ಎಂಬುದಿಲ್ಲ. ಮದುವೆ ಗೊತ್ತಾಯಿತು, ಊರಿಗೆ ಹೋಗಬೇಕು, ನೆಂಟರಿಗೆ ಗೊತ್ತಾಗುತ್ತದೆ ಎಂದು ನಿಲ್ಲಿಸಿದವರು ಬಹುಬೇಗ ಮರಳುತ್ತಾರೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಡುವವರು ಮಾತ್ರ ಇದನ್ನು ಮೊದಲೇ ವೈದ್ಯರ ಹತ್ತಿರ ಮಾತಾಡಬೇಕು. ಯುಎಇಯಂಥ ಕಡೆ ಮುಂಚಿತ ಅನುಮತಿಯಿಲ್ಲದೆ ಇಂಥ ಮಾತ್ರೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ಬಂಧನವಾಗಬಹುದು.

ನಿಲ್ಲಿಸುವ ಕಾಲ ಬಂದಾಗ ಇಳಿತ ನಿಧಾನ. ಬ್ಯೂಪ್ರನಾರ್ಫಿನ್ ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ 2 ಮಿಲಿಗ್ರಾಂ ಇಳಿಕೆ, 2ಕ್ಕೆ ಬಂದ ಮೇಲೆ 0.4ರ ಮಾತ್ರೆಗಳಲ್ಲಿ ಇನ್ನೂ ಸಣ್ಣ ಹೆಜ್ಜೆ. ಕೊನೆಯ 2 ಮಿಲಿಗ್ರಾಂ ಬಿಡುವುದೇ ಹೆಚ್ಚಿನವರಿಗೆ ಕಷ್ಟ. ನಿದ್ರೆ ಕೆಟ್ಟು ಮೈ ಎಳೆಯತೊಡಗಿದರೆ ಹಿಂದಿನ ಪ್ರಮಾಣಕ್ಕೆ ಹೋಗಿ ಒಂದೆರಡು ತಿಂಗಳು ನಿಂತು ಮತ್ತೆ ಇಳಿಯಿರಿ. ಪೂರ್ತಿ ನಿಂತ ಮೇಲೂ ನಾಲೋಕ್ಸೋನ್ ಡಬ್ಬಿ ಮನೆಯಲ್ಲೇ ಇರಲಿ, ಅವಧಿ ಮುಗಿದರೆ ಬದಲಿಸಿ. ಎಂದಾದರೂ ಮತ್ತೆ ತೆಗೆದುಕೊಂಡದ್ದು ಗೊತ್ತಾದರೆ ಜಗಳ ತೆಗೆಯದೆ ಅದೇ ವಾರ ಅದೇ ವೈದ್ಯರಲ್ಲಿಗೆ ಕರೆದೊಯ್ದು ಮಾತ್ರೆ ಮರಳಿ ಶುರುಮಾಡಿಸಿ.